ತಂತಿ ಅದಲುಬದಲಾದ ಪಿಟೀಲು: ಸಾಲ್ಝ್‌ಬರ್ಗಿನ ಒಂದು ಸಂಜೆ

ಹದಿನೇಳನೇ ಶತಮಾನದ ಸಂಗೀತಗಾರ ಹೈನ್ರಿಶ್ ಬೀಬರ್‌ನ ಜಪಸರದ ಸೊನಾಟಾಗಳನ್ನು, ಅಂದರೆ ಪಿಟೀಲಿನ ಕೃತಿಗಳನ್ನು, ಒಂದೇ ಸಂಜೆ ಪೂರ್ತಿ ನುಡಿಸುತ್ತಾರಂತೆ, ಅದೂ ಅವನು ಬಾಳಿದ ಆಸ್ಟ್ರಿಯಾದ ಸಾಲ್ಝ್‌ಬರ್ಗಿನಲ್ಲೇ. ಮ್ಯೂನಿಕ್‌ನಲ್ಲಿರುವ ತಮ್ಮ ಈ ಸುದ್ದಿ ಹೇಳಿದ ಮೇಲೆ, ಹೇಗೂ ಅವನ ಮನೆಗೆ ಹೋಗಬೇಕಿದ್ದ ಪ್ರಯಾಣವನ್ನು ಅಕ್ಟೋಬರಿಗೇ ಇಟ್ಟುಕೊಂಡೆ. ನಾನು ಮೈಸೂರಿನಲ್ಲಿ ಮಕ್ಕಳಿಗೆ ಪಿಟೀಲು ಹೇಳಿಕೊಡುವವಳು. ನನ್ನದು ಕರ್ನಾಟಕ ಸಂಗೀತ. ಆದರೆ ಈ ಸೊನಾಟಾಗಳ ಧ್ವನಿಮುದ್ರಿಕೆಗಳನ್ನು ಎಷ್ಟೋ ವರ್ಷಗಳಿಂದ ಕೇಳುತ್ತಾ ಬಂದಿದ್ದೇನೆ. ಕೇಳಿದಷ್ಟೂ ಒಂದು ಕೊರತೆ ಕಾಡುತ್ತಿತ್ತು. ಈ ಕೃತಿಯಲ್ಲಿ ಪ್ರತಿ ಸೊನಾಟಾಕ್ಕೂ ಪಿಟೀಲಿನ ಶ್ರುತಿಯೇ ಬದಲಾಗುತ್ತದೆ. ಮುದ್ರಿಕೆಯಲ್ಲಿ ಶ್ರುತಿ ಮಾಡುವ ಹೊತ್ತನ್ನೆಲ್ಲ ಕತ್ತರಿಸಿ ಹಾಕಿರುತ್ತಾರೆ. ನನಗೆ ಬೇಕಿದ್ದದ್ದು ಅದೇ. ತಂತಿ ಬಿಗಿಯುವ ಬಿರಡೆ ತಿರುಗುವುದನ್ನು ಕಣ್ಣಾರೆ ನೋಡಬೇಕಿತ್ತು.

ಸ್ವಲ್ಪ ಹಿನ್ನೆಲೆ ಹೇಳಿಬಿಡುತ್ತೇನೆ. ಕಥೋಲಿಕರು ಜಪಸರ ಹಿಡಿದು ಪ್ರಾರ್ಥಿಸುವಾಗ ಸುಮ್ನೆ ಮಣಿ ಎಣಿಸುವುದಿಲ್ಲ. ಹತ್ತು ಹತ್ತು 'ನಮೋ ಮರಿಯ'ಗಳ ಒಂದೊಂದು ಗುಂಪಿಗೂ ಯೇಸು ಮತ್ತು ಮರಿಯಳ ಬದುಕಿನ ಒಂದು ಘಟನೆಯನ್ನು ಮನಸ್ಸಿಗೆ ತಂದುಕೊಳ್ಳುತ್ತಾರೆ. ಅದಕ್ಕೆ ರಹಸ್ಯ ಎನ್ನುತ್ತಾರೆ. ಬೀಬರ್‌ನ ಕಾಲದಲ್ಲಿ ಇಂಥವು 15. ಐದು ಸಂತೋಷದವು, ಐದು ದುಃಖದವು, ಐದು ಮಹಿಮೆಯವು. ಚಿಕ್ಕವಳಿದ್ದಾಗ ನಮ್ಮ ಬೀದಿಯ ಒಂದು ಕಥೋಲಿಕರ ಮನೆಯಿಂದ ಅಕ್ಟೋಬರ್ ಪೂರ್ತಿ ಸಂಜೆ ಹೊತ್ತು ಈ ಜಪ ಕೇಳಿಸುತ್ತಿತ್ತು. ಅಕ್ಟೋಬರ್ ಜಪಸರದ ತಿಂಗಳು ಅಲ್ವಾ. ಒಬ್ಬರು ಅರ್ಧ ಹೇಳುವುದು, ಮನೆಮಂದಿಯೆಲ್ಲ ಉಳಿದರ್ಧ ಹೇಳುವುದು. ಆ ಲಯ ನನಗೆ ಇನ್ನೂ ಬಾಯಿಗೆ ಬರುತ್ತದೆ.

ಬೀಬರ್ ಒಂದೊಂದು ರಹಸ್ಯಕ್ಕೂ ಒಂದೊಂದು ಸೊನಾಟಾ ಬರೆದ. ಕೊನೆಗೆ ಪಕ್ಕವಾದ್ಯವೇ ಇಲ್ಲದ ಒಂಟಿ ಪಿಟೀಲಿಗೆ ಒಂದು ಪಾಸಾಕಾಲ್ಯಾ, ಅಂದರೆ ಒಂದೇ ಸ್ವರಸಾಲು ಕೆಳಗೆ ಮರಳಿ ಮರಳಿ ಬರುವ ರಚನೆ. 1676ರ ಆಸುಪಾಸಿನ ಕೆಲಸ ಇದು. ಕೈಬರಹದ ಪ್ರತಿ ಮ್ಯೂನಿಕ್‌ನಲ್ಲಿರುವ ಬವೇರಿಯಾ ರಾಜ್ಯ ಗ್ರಂಥಾಲಯದಲ್ಲಿದೆ. ಅದರ ಮುಖಪುಟವೇ ಕಳೆದುಹೋಗಿದೆ, ಹಾಗಾಗಿ ಬೀಬರ್ ಇದಕ್ಕಿಟ್ಟ ಹೆಸರು ಯಾರಿಗೂ ಗೊತ್ತಿಲ್ಲ. ಪ್ರತಿ ಸೊನಾಟಾದ ತಲೆಯ ಮೇಲೆ ಆ ಘಟನೆಯ ಪುಟ್ಟ ಚಿತ್ರವೊಂದನ್ನು ಅಂಟಿಸಿದ್ದಾರೆ. ಮೊದಲ ಬಾರಿ ಅಚ್ಚಾಗಿದ್ದು 1905ರಲ್ಲಿ. ಅಂದರೆ ಇನ್ನೂರು ವರ್ಷಕ್ಕೂ ಜಾಸ್ತಿ ಕಾಲ ಈ ಸಂಗೀತ ಕಾಗದದಲ್ಲೇ ಮಲಗಿತ್ತು.

ಮ್ಯೂನಿಕ್‌ನಿಂದ ಸಾಲ್ಝ್‌ಬರ್ಗಿಗೆ ರೈಲಿನಲ್ಲಿ ಎರಡು ಗಂಟೆಯ ದಾರಿ. ಬವೇರಿಯಾ ಟಿಕೆಟ್ ಅಂತ ಒಂದು ಸಿಗುತ್ತದೆ. ಗಡಿ ದಾಟಿದರೂ ಸಾಲ್ಝ್‌ಬರ್ಗ್ ನಿಲ್ದಾಣದ ತನಕ ಅದು ನಡೆಯುತ್ತದೆ. ರೋಸೆನ್‌ಹೈಮ್ ದಾಟಿದ ಮೇಲೆ ಕೀಮ್‌ಸೆ ಕೆರೆ ಕಾಣಿಸಿತು. ಕೆರೆ ಅಂದರೆ ನಮ್ಮ ಲೆಕ್ಕದಲ್ಲಿ ಸಮುದ್ರವೇ ಸರಿ. ತಮ್ಮ ಡಬ್ಬಿ ಬಿಚ್ಚಿ ಪುಳಿಯೋಗರೆ ಕೊಟ್ಟ.

"ಅಕ್ಕಾ, ಎರಡು ಗಂಟೆಗಿಂತ ಜಾಸ್ತಿ ಇರುತ್ತಂತೆ. ನಡುವೆ ನಿದ್ದೆ ಬಂದರೆ ಬೈಬೇಡ."

"ಬರಲ್ಲ ಕಣೋ. ಒಂದು ಕೆಲಸ ಮಾಡು. ಸಂಗೀತ ಅರ್ಥವಾಗದಿದ್ದರೆ ಪಿಟೀಲು ನುಡಿಸುವಾಕೆಯ ಎಡಗೈಯನ್ನೇ ನೋಡುತ್ತಿರು. ಯಾವಾಗ ಬಿರಡೆ ಮುಟ್ಟುತ್ತಾರೆ ಅಂತ."

ಅವನು ಹಾಗೇ ಮಾಡಿದ. ನಿದ್ದೆ ಬರಲಿಲ್ಲ.

ಸಾಲ್ಝ್‌ಬರ್ಗಿನ ಹಳೇ ಊರಿನಲ್ಲಿ ಮೊಜಾರ್ಟ್ ಎಲ್ಲೆಲ್ಲೂ ಇದ್ದಾನೆ. ಗೆಟ್ರೈಡೆಗಾಸ್ಸೆಯ ಹಳದಿ ಮನೆಯ ಮುಂದೆ ಜನವೋ ಜನ. ಅವನ ಹೆಸರಿನ ಚಾಕೊಲೇಟ್ ಉಂಡೆ ಇಲ್ಲದ ಅಂಗಡಿ ಕಾಣಲಿಲ್ಲ. ಬೀಬರ್ ತೀರಿಕೊಂಡದ್ದು 1704ರಲ್ಲಿ, ಮೊಜಾರ್ಟ್ ಹುಟ್ಟಿದ್ದು 1756ರಲ್ಲಿ. ನಡುವೆ ಐವತ್ತೇ ವರ್ಷ. ಆದರೂ ಬೀಬರ್‌ನನ್ನು ಇಲ್ಲಿ ಹುಡುಕಿಕೊಂಡು ಹೋಗಬೇಕು.

ಅವನು ಈ ಊರಿಗೆ ಬಂದ ಕಥೆಯೇ ಸ್ವಾರಸ್ಯ. ಹುಟ್ಟಿದ್ದು 1644ರಲ್ಲಿ, ಬೊಹೀಮಿಯಾದ ವಾರ್ಟೆನ್‌ಬರ್ಗ್ ಎಂಬ ಪುಟ್ಟ ಊರಿನಲ್ಲಿ. ಈಗ ಅದು ಜೆಕ್ ದೇಶಕ್ಕೆ ಸೇರಿದೆ. ಕೆಲಸಕ್ಕಿದ್ದದ್ದು ಮೊರಾವಿಯಾದ ಕ್ರೊಮ್ನೆರ್ಝೀಷ್‌ನಲ್ಲಿ, ಓಲೊಮೌತ್ಸ್‌ನ ಬಿಷಪ್ ಬಳಿ. 1670ರಲ್ಲಿ ಬಿಷಪ್ ಅವನನ್ನು ಇನ್ಸ್‌ಬ್ರುಕ್ ಹತ್ತಿರದ ಅಬ್ಸಾಮ್‌ಗೆ ಕಳಿಸಿದ. ಅಲ್ಲಿ ಯಾಕೊಬ್ ಸ್ಟೈನರ್ ಎಂಬ ಹೆಸರಾಂತ ಪಿಟೀಲು ತಯಾರಕನಿದ್ದ. ವಾದ್ಯ ತರಲು ಹೋದ ಬೀಬರ್ ಮತ್ತೆ ಮೊರಾವಿಯಾಕ್ಕೆ ಬರಲೇ ಇಲ್ಲ. ಸಾಲ್ಝ್‌ಬರ್ಗಿನ ಆರ್ಚ್‌ಬಿಷಪ್ ಬಳಿ ಕೆಲಸಕ್ಕೆ ಸೇರಿಬಿಟ್ಟ. ಹಳೇ ಧಣಿಗೆ ಸಿಟ್ಟು ಬಂದರೂ ಬೆನ್ನು ಹತ್ತಲಿಲ್ಲ. ಬಿಡುಗಡೆಯ ಪತ್ರ ಕೊಟ್ಟಿದ್ದು ಮಾತ್ರ 1676ರಲ್ಲಿ. ಬೀಬರ್ ಮುಂದೆ ಅದೇ ಬಿಷಪ್‌ಗೆ ತನ್ನ ರಚನೆಗಳನ್ನು ಕಳಿಸುತ್ತಿದ್ದ. ಅವನ ಎಷ್ಟೋ ಕೃತಿಗಳು ಇವತ್ತಿಗೆ ಉಳಿದಿರುವುದು ಕ್ರೊಮ್ನೆರ್ಝೀಷ್‌ನ ಸಂಗ್ರಹದಲ್ಲೇ.

ಮಧ್ಯಾಹ್ನ ಕ್ಯಾಥೆಡ್ರಲ್‌ಗೆ ಹೋದೆವು. 1628ರಲ್ಲಿ ಪ್ರತಿಷ್ಠೆಯಾದ ಕಟ್ಟಡ. ಗುಮ್ಮಟದ ಕೆಳಗೆ ನಿಂತರೆ ನಾಲ್ಕು ದಪ್ಪ ಕಂಬಗಳು, ನಾಲ್ಕರಲ್ಲೂ ಒಂದೊಂದು ಗ್ಯಾಲರಿ, ಒಂದೊಂದು ಆರ್ಗನ್. 1682ರಲ್ಲಿ ಇಲ್ಲಿ, ಕಂಠ ಮತ್ತು ವಾದ್ಯಗಳ 53 ಬೇರೆಬೇರೆ ಸಾಲುಗಳು ಒಟ್ಟಿಗೆ ಸಾಗುವ ಒಂದು ಮಹಾ ಪೂಜಾ ಸಂಗೀತ ಮೊಳಗಿತು. ಗಾಯಕರು, ತುತ್ತೂರಿಗಳು, ಪಿಟೀಲುಗಳು ಗುಂಪು ಗುಂಪಾಗಿ ಬೇರೆಬೇರೆ ಕಡೆ ನಿಂತು ಹಾಡುವ, ನುಡಿಸುವ ಏರ್ಪಾಡು. ಅದು ಇಟಲಿಯ ಬೆನೆವೊಲಿ ಬರೆದದ್ದೆಂದು ಬಹಳ ಕಾಲ ನಂಬಿದ್ದರು. ಈಗ ಅದನ್ನು ಬೀಬರ್‌ನದೆಂದೇ ಎಣಿಸುತ್ತಾರೆ. ಅಷ್ಟು ದೊಡ್ಡ ಸದ್ದು ಕಟ್ಟಬಲ್ಲವನು ನಾಲ್ಕೇ ತಂತಿಯ ಮೇಲೆ ಜಪಸರವನ್ನೂ ಬರೆದ. ಆ ಕಂಬಗಳ ನಡುವೆ ನಿಂತಾಗ ನನಗೆ ಈ ಎರಡನೆಯದೇ ಹೆಚ್ಚಿನ ಸಾಹಸ ಅನಿಸಿತು.

ಅಲ್ಲಿಂದ ಐದು ನಿಮಿಷ ನಡೆದರೆ ವಿಶ್ವವಿದ್ಯಾಲಯದ ಚೌಕ. ತರಕಾರಿ, ಹೂವು, ಚೀಸ್ ಮಾರುವ ಸಂತೆ ಅಲ್ಲಿ. ಪಕ್ಕದಲ್ಲೇ ದೊಡ್ಡ ಸಭಾಂಗಣ, ಆಉಲಾ. ಜಪಸರದ ಭಕ್ತಮಂಡಳಿ ಸೇರುತ್ತಿದ್ದದ್ದು ಇಲ್ಲಿ. ಆ ಕಾಲದಲ್ಲಿ ಒಳಗೆ 15 ರಹಸ್ಯಗಳ ಚಿತ್ರಗಳಿದ್ದವು. ಈ ಸೊನಾಟಾಗಳು ಮೊದಲು ಕೇಳಿಸಿದ್ದು ಇಲ್ಲೇ ಇರಬೇಕು ಎಂದು ಹಲವು ವಿದ್ವಾಂಸರು ಊಹಿಸುತ್ತಾರೆ. ಚಿತ್ರದಿಂದ ಚಿತ್ರಕ್ಕೆ ಕಣ್ಣು ಹಾಯಿಸುತ್ತಾ ಪಿಟೀಲು ಕೇಳುವುದು. ಎಂಥ ಭಾಗ್ಯ!

ಆದರೆ ಬೀಬರ್ ಈ ಕೃತಿಯನ್ನು ಅರ್ಪಿಸಿದ ಆರ್ಚ್‌ಬಿಷಪ್ ಮ್ಯಾಕ್ಸ್ ಗಾಂಡೊಲ್ಫ್ ಬಗ್ಗೆ ಇನ್ನೊಂದು ಮಾತನ್ನೂ ಹೇಳಲೇಬೇಕು. ಮರಿಯಳ ದೊಡ್ಡ ಭಕ್ತ ಅವನು, ನಿಜ. ಅವನ ಆಳ್ವಿಕೆಯಲ್ಲೇ, 1675ರಲ್ಲಿ, ಈ ಊರಿನಲ್ಲಿ ಮಾಟಗಾರರ ವಿಚಾರಣೆಗಳು ಶುರುವಾದವು. 1690ರ ತನಕ ನಡೆದವು. ನೂರಕ್ಕೂ ಹೆಚ್ಚು ಜನರನ್ನು ಕೊಂದರು. ಹೆಚ್ಚಿನವರು ಬೀದಿಯಲ್ಲಿ ತಿರಿದು ತಿನ್ನುತ್ತಿದ್ದ ಹುಡುಗರು, ಮಕ್ಕಳು. ಸೊನಾಟಾ ಬರೆದದ್ದೂ ಅದೇ ವರ್ಷಗಳಲ್ಲಿ, ಅದೇ ಊರಿನಲ್ಲಿ. ಯೇಸುವಿನ ಮುಳ್ಳಿನ ಕಿರೀಟಕ್ಕೂ ಚಾಟಿಯೇಟಿಗೂ ಬರೆದ ಸಂಗೀತ ಕೇಳಿ ಕಣ್ಣೊದ್ದೆ ಮಾಡಿಕೊಂಡವರ ಬಾಗಿಲ ಹೊರಗೆ ಈ ಮಕ್ಕಳಿದ್ದರು. ಸಂಗೀತದ ಮೇಲಿನ ನನ್ನ ಪ್ರೀತಿ ಇದರಿಂದ ಕಡಿಮೆಯಾಗಿಲ್ಲ. ಆದರೆ ಆ ಸಂಜೆ ದುಃಖದ ಐದು ಸೊನಾಟಾಗಳನ್ನು ಕೇಳುವಾಗ ಅವರ ನೆನಪನ್ನು ಪಕ್ಕಕ್ಕಿಡಲು ಆಗಲಿಲ್ಲ. ಇಡಬಾರದು ಕೂಡ.

ಕಛೇರಿ ಹಳೇ ಊರಿನ ಒಂದು ಸಣ್ಣ ಚರ್ಚಿನಲ್ಲಿತ್ತು. ಮರದ ಬೆಂಚು, ಒಳಗೂ ಚಳಿ, ಎಲ್ಲರೂ ಕೋಟು ತೊಟ್ಟೇ ಕೂತಿದ್ದರು. ಮುಂದೆ ಒಂದು ಪುಟ್ಟ ಆರ್ಗನ್. ಉದ್ದ ಕತ್ತಿನ ಥಿಯೋರ್ಬೊ ಎಂಬ ತಂತಿವಾದ್ಯ. ಕಾಲುಗಳ ನಡುವೆ ಇಟ್ಟು ನುಡಿಸುವ ವಿಯೋಲ ದ ಗಾಂಬ. ಪಕ್ಕದ ಮೇಜಿನ ಮೇಲೆ ಬಟ್ಟೆ ಹಾಸಿ ಮೂರು ಪಿಟೀಲು ಮಲಗಿಸಿದ್ದರು. ಒಂದೇ ಪಿಟೀಲನ್ನು ಹದಿನೈದು ಸಲ ಎಳೆದು ಸಡಿಲಿಸಿದರೆ ತಂತಿ ನಿಲ್ಲುವುದಿಲ್ಲ. ಅದರಲ್ಲೂ ಇವು ಕುರಿಯ ಕರುಳಿನ ತಂತಿ. ಚಳಿ, ತೇವ, ಜನರ ಉಸಿರು, ಎಲ್ಲದಕ್ಕೂ ಅವು ಅಲುಗುತ್ತವೆ.

ಮೊದಲ ಸೊನಾಟಾ ದೇವದೂತ ಮರಿಯಳ ಬಳಿಗೆ ಬಂದದ್ದು. ಇದು ಮಾಮೂಲಿ ಶ್ರುತಿಯಲ್ಲಿದೆ. ಆರ್ಗನ್ ಒಂದೇ ಸ್ವರವನ್ನು ಹಿಡಿದು ನಿಲ್ಲುತ್ತದೆ. ಅದರ ಮೇಲೆ ಪಿಟೀಲು ರೆಕ್ಕೆ ಬಡಿದ ಹಾಗೆ ಓಡಾಡುತ್ತದೆ. ತಂಬೂರಿಯ ಜೊತೆ ಬೆಳೆದ ನನ್ನ ಕಿವಿಗೆ ಅಲ್ಲಿ ಅಪರಿಚಿತ ಅನಿಸುವಂಥದ್ದು ಏನೂ ಇರಲಿಲ್ಲ.

ಆಮೇಲೆ ಆಕೆ ಬೇರೆ ಪಿಟೀಲು ಕೈಗೆತ್ತಿಕೊಂಡರು. ಬಿರಡೆ ಮುಟ್ಟಿದರು. ಒಂದೊಂದೇ ತಂತಿ ಮೀಟಿ ನೋಡಿದರು. ನನಗೆ ಮೈ ಜುಮ್ಮೆಂದಿತು. ಸ, ಪ, ಸ, ಪ! ಮೈಸೂರಿನಲ್ಲಿ ಬೆಳಗೆದ್ದು ನಾನು ಮಾಡುವ ಶ್ರುತಿಯೇ ಅದು. ಗರ್ಭಿಣಿ ಮರಿಯ ತನ್ನ ನೆಂಟಳು ಎಲಿಜಬೆತ್‌ಳನ್ನು ನೋಡಲು ಹೋಗುವ ಎರಡನೇ ಸೊನಾಟಾಕ್ಕೆ ಬೀಬರ್ ಕೆಳಗಿನ ಎರಡು ತಂತಿಗಳನ್ನು ಒಂದೊಂದು ಸ್ವರ ಏರಿಸುತ್ತಾನೆ. ಯುರೋಪಿನ ಅಕ್ಷರದಲ್ಲಿ ಹೇಳಿದರೆ ಎ, ಇ, ಎ, ಇ. ಕರ್ನಾಟಕ ಸಂಗೀತಕ್ಕೆ ಪಿಟೀಲು ಬಂದದ್ದು ಇದಾಗಿ ಒಂದು ಶತಮಾನಕ್ಕೂ ಮೇಲೆ, ಮುತ್ತುಸ್ವಾಮಿ ದೀಕ್ಷಿತರ ತಮ್ಮ ಬಾಲುಸ್ವಾಮಿ ದೀಕ್ಷಿತರ ಕಾಲದಲ್ಲಿ. ಬೀಬರ್‌ಗೂ ನಮಗೂ ಯಾವ ಕೊಡುಕೊಳೆಯೂ ಇಲ್ಲ. ಆದರೂ ನಾಲ್ಕು ತಂತಿ ಒಂದಕ್ಕೊಂದು ದನಿಗೂಡಿ ಮೊಳಗಲಿ ಎಂದು ಬಯಸಿದಾಗ ಎರಡೂ ಕಡೆ ಕೈ ಒಂದೇ ಜಾಗಕ್ಕೆ ಹೋಗಿದೆ. ಮುಟ್ಟದ ತಂತಿಗಳೂ ಜೊತೆಗೆ ಮಿಡಿಯುವ ಆ ತುಂಬು ನಾದ ಚರ್ಚಿನಲ್ಲಿ ಎದ್ದಾಗ ತಮ್ಮ ನನ್ನ ಕಡೆ ತಿರುಗಿದ. "ಅಕ್ಕಾ, ಇದು ನಮ್ಮ ಮನೆ ಸದ್ದು" ಎಂದು ಪಿಸುಗುಟ್ಟಿದ.

ನಮ್ಮಲ್ಲಿ ಗಾಯಕರಿಗೆ ತಕ್ಕ ಹಾಗೆ ಶ್ರುತಿ ಏರಿಸುತ್ತೇವೆ, ಇಳಿಸುತ್ತೇವೆ. ಆದರೆ ತಂತಿಗಳ ನಡುವಿನ ನೆಂಟು ಬದಲಾಗುವುದಿಲ್ಲ. ಬೀಬರ್ ಆ ನೆಂಟನ್ನೇ ಪ್ರತಿ ಸಲ ಮುರಿದು ಕಟ್ಟುತ್ತಾನೆ. ನುಡಿಸುವವರಿಗೆ ಇದು ಎಂಥ ಕಷ್ಟ ಗೊತ್ತಾ? ಕಾಗದದ ಮೇಲೆ ಬರೆದಿರುವುದು ಬೆರಳು ಎಲ್ಲಿಡಬೇಕು ಎಂಬುದನ್ನು, ಮಾಮೂಲಿ ಶ್ರುತಿಯ ಲೆಕ್ಕದಲ್ಲಿ. ಕೇಳಿಸುವುದು ಬೇರೆಯೇ ಸ್ವರ. ಕಣ್ಣಿಗೊಂದು, ಕಿವಿಗೊಂದು. ಕಿವಿಯನ್ನು ನಂಬಿ ಬದುಕುವ ನಮ್ಮಂಥವರು ಅದನ್ನು ನೆನೆದರೇ ತಲೆ ತಿರುಗುತ್ತದೆ.

ದುಃಖದ ಐದಕ್ಕೆ ಬಂದಾಗ ಪಿಟೀಲಿನ ದನಿಯೇ ಬೇರೆಯಾಯಿತು. ಆರನೇ ಸೊನಾಟಾ, ಹಿಡಿದೊಯ್ಯುವ ಮುಂಚಿನ ರಾತ್ರಿ ತೋಟದಲ್ಲಿ ಯೇಸು ಸಂಕಟಪಡುವುದು. ಇಲ್ಲಿ ದಪ್ಪ ತಂತಿಗಳೆರಡನ್ನು ಅರ್ಧರ್ಧ ಸ್ವರ ಬಿಗಿಯುತ್ತಾರೆ, ತೆಳು ತಂತಿಗಳೆರಡನ್ನು ಒಂದೊಂದು ಸ್ವರ ಸಡಿಲಿಸುತ್ತಾರೆ. ಎರಡು ಕಡೆಯಿಂದಲೂ ಒಳಕ್ಕೆ ಹಿಂಡಿದಂತೆ. ಜಾಣ ಕೈಯಲ್ಲೂ ಆ ಪಿಟೀಲು ಮಂಕಾಗಿಯೇ ನುಡಿಯಿತು. ಗಂಟಲು ಕಟ್ಟಿದವರು ಮಾತಾಡುವ ದನಿ. ಏಳನೆಯದರಲ್ಲಿ, ಚಾಟಿಯೇಟಿನಲ್ಲಿ, ಕೆಳಗಿನ ತಂತಿ ಷಡ್ಜದಿಂದ ಮಧ್ಯಮದಷ್ಟು ದೂರ ಮೇಲೇರುತ್ತದೆ. ಎಂಟನೆಯದರಲ್ಲಿ, ಮುಳ್ಳಿನ ಕಿರೀಟದಲ್ಲಿ, ಇನ್ನೂ ಒಂದು ಸ್ವರ ಮೇಲೆ. ಅಂದರೆ ಷಡ್ಜದಲ್ಲಿ ಇರಬೇಕಾದ ತಂತಿಯನ್ನು ಪಂಚಮಕ್ಕೆ ಎಳೆದ ಹಾಗೆ. ತಂತಿ ಹೇಳಿಕೊಡುವ ಯಾವ ಗುರುವೂ ಶಿಷ್ಯರಿಗೆ ಹೀಗೆ ಮಾಡಲು ಬಿಡುವುದಿಲ್ಲ.

ನಾನು ಅಷ್ಟು ದೂರದಿಂದ ಹೋದದ್ದು ಸಾರ್ಥಕವಾದದ್ದು ಆ ಹೊತ್ತಿನಲ್ಲಿ. ಮುದ್ರಿಕೆಯಲ್ಲಿ ಕೇಳುವಾಗ ಯೇಸುವಿನ ನೋವನ್ನು ಪಿಟೀಲು ಬಣ್ಣಿಸುತ್ತಿದೆ ಎಂದುಕೊಂಡಿದ್ದೆ. ಎದುರು ಕೂತು ನೋಡಿದಾಗ ಕಂಡದ್ದೇ ಬೇರೆ. ಪಿಟೀಲೇ ಆ ನೋವಿಗೆ ಒಡ್ಡಿಕೊಂಡಿದೆ. ಮರ, ಕರುಳು, ಅಂಟು ಎಲ್ಲವೂ ಹಿಗ್ಗಿ ಕುಗ್ಗುತ್ತಿವೆ. ಕಮಾನು ಇಡುವ ಮೊದಲೇ, ಬಿರಡೆ ತಿರುಗುವಾಗಲೇ, ಪ್ರಾರ್ಥನೆ ಶುರುವಾಗಿರುತ್ತದೆ. ಆಕೆ ಶ್ರುತಿ ಮಾಡುವಾಗ ಸಭೆಯಲ್ಲಿ ಯಾರೂ ಕೆಮ್ಮಲಿಲ್ಲ, ಮಾತಾಡಲಿಲ್ಲ. ಮುಂದಿನ ಬೆಂಚಿನಲ್ಲಿ ಒಬ್ಬ ಅಜ್ಜಿ ಆ ಹೊತ್ತಿನಲ್ಲೇ ಜಪಸರದ ಮಣಿ ಸರಿಸುತ್ತಿದ್ದರು.

ಹತ್ತನೆಯದು ಶಿಲುಬೆಗೇರಿಸುವುದು. ಅದಾದ ಮೇಲೆ ಬಿಡುವು. ಹೊರಗೆ ಸಣ್ಣ ಮಳೆ. ತಮ್ಮ ಎಲ್ಲಿಂದಲೋ ಬಿಸಿ ಚಹಾ ಹಿಡಿದು ಬಂದ. ಇಬ್ಬರೂ ಹೆಚ್ಚು ಮಾತಾಡಲಿಲ್ಲ.

ಬಿಡುವಿನ ನಂತರ ಹನ್ನೊಂದನೆಯದು, ಯೇಸು ಮತ್ತೆ ಎದ್ದು ಬರುವುದು. ಇದಕ್ಕಾಗಿ ಮೂರನೇ ಪಿಟೀಲನ್ನು ಮೊದಲೇ ಸಿದ್ಧ ಮಾಡಿಟ್ಟಿದ್ದರು. ಆಕೆ ಅದನ್ನು ಎತ್ತಿ ಸಭೆಗೆ ತೋರಿಸಿದರು. ನಡುವಿನ ಎರಡು ತಂತಿ ಜಾಗ ಬದಲಿಸಿವೆ. ಎರಡನೆಯದು ಮೂರನೆಯದರ ಮನೆಯಲ್ಲಿ, ಮೂರನೆಯದು ಎರಡನೆಯದರ ಮನೆಯಲ್ಲಿ. ಹಾಗಾಗಿ ಕುದುರೆಯ, ಅಂದರೆ ತಂತಿಗಳನ್ನು ಹೊತ್ತು ನಿಲ್ಲುವ ಮರದ ತುಂಡಿನ, ಹಿಂದೆ ಒಮ್ಮೆ, ಬಿರಡೆಗಳ ಬಳಿ ಇನ್ನೊಮ್ಮೆ ತಂತಿಗಳು ಒಂದನ್ನೊಂದು ದಾಟುತ್ತವೆ. ದಾಟುವ ಜಾಗದಲ್ಲಿ ಕಣ್ಣಿಗೆ ಕಾಣುವ ಶಿಲುಬೆ! ಬೀಬರ್ ಅದನ್ನು ಬಾಯಿಬಿಟ್ಟು ಹೇಳಿಲ್ಲ, ವಾದ್ಯದಲ್ಲೇ ಕಟ್ಟಿಟ್ಟಿದ್ದಾನೆ.

ಹೀಗೆ ಕಟ್ಟಿದ್ದರಿಂದ ಇನ್ನೊಂದು ಲಾಭವಿದೆ. ಕೆಳಗಿನ ಎರಡು ತಂತಿ ಒಂದೇ ಸ್ವರ, ಒಂದು ಸ್ಥಾಯಿ ಮೇಲೆ ಕೆಳಗೆ. ಮೇಲಿನ ಎರಡೂ ಹಾಗೇ. ಒಂದೇ ಬೆರಳನ್ನು ಎರಡು ತಂತಿಗೆ ಅಡ್ಡ ಇಟ್ಟರೆ ಸಾಕು, ಗಂಡಸರೂ ಹೆಂಗಸರೂ ಕೂಡಿ ಹಾಡಿದ ಹಾಗೆ ಎರಡು ಸ್ಥಾಯಿಯಲ್ಲಿ ಹಾಡು ಹೊರಡುತ್ತದೆ. ಬೀಬರ್ ಅಲ್ಲಿ ಈಸ್ಟರ್‌ನ ಹಳೇ ಹಾಡೊಂದನ್ನು ತಂದಿದ್ದಾನೆ, ಕ್ರಿಸ್ತ ಇಂದು ಎದ್ದ ಎಂದು ಹೇಳುವ ಹಾಡು. ಒಂಟಿ ಪಿಟೀಲಿನಿಂದ ಒಂದು ಊರೇ ಹಾಡಿತು. ಅಜ್ಜಿ ಮಣಿ ನಿಲ್ಲಿಸಿ ತುಟಿಯಲ್ಲೇ ಹಾಡುತ್ತಿದ್ದರು. ನನಗೆ ಅಳು ಬಂತು.

ಹನ್ನೆರಡನೆಯದರಲ್ಲಿ ಪಿಟೀಲು ತುತ್ತೂರಿಯಾಗುತ್ತದೆ. ಚೆನ್ನಾಗಿತ್ತು. ಹದಿಮೂರರಿಂದ ಹದಿನೈದು ಕೂಡ. ಆದರೆ ನನ್ನ ಮನಸ್ಸು ಹನ್ನೊಂದನೆಯದರಲ್ಲೇ ಉಳಿದಿತ್ತು ಅಂತ ಹೇಳಿಬಿಡುವುದೇ ಸರಿ.

ಕೊನೆಯ ಪಾಸಾಕಾಲ್ಯಾಕ್ಕೆ ಉಳಿದವರೆಲ್ಲ ಎದ್ದು ಪಕ್ಕಕ್ಕೆ ಹೋದರು. ಆಕೆಯೊಬ್ಬರೇ. ಪಿಟೀಲು ಮತ್ತೆ ಮೊದಲಿನ ಶ್ರುತಿಗೆ ಬಂದಿತ್ತು. ಈ ಪುಟದ ಚಿತ್ರ ಮಗುವಿನ ಕೈಹಿಡಿದ ಕಾವಲು ದೇವದೂತ. ಇಳಿಯುವ ನಾಲ್ಕೇ ಸ್ವರ. ನಮ್ಮ ಲೆಕ್ಕದಲ್ಲಿ ಸ ನಿ ದ ಪ, ನಟಭೈರವಿ ರಾಗದ ಸ್ವರಸ್ಥಾನಗಳು. ಅದು 65 ಸಲ ಮರಳಿ ಮರಳಿ ಬರುತ್ತದೆ, ಒಮ್ಮೆಯೂ ತಪ್ಪುವುದಿಲ್ಲ. ಅದರ ಮೇಲೆ ಏನೇನೋ ಓಡುತ್ತದೆ, ಹಾರುತ್ತದೆ, ತಡವರಿಸುತ್ತದೆ. ಮಗು ಎತ್ತ ಓಡಿದರೂ ಹಿಡಿದ ಕೈ ಬಿಡದವರು ಒಬ್ಬರಿದ್ದಾರೆ. ಮಾಟದ ಹೆಸರಿನಲ್ಲಿ ಸತ್ತ ಆ ಹುಡುಗರ ಕೈಯನ್ನು ಯಾರು ಹಿಡಿದಿದ್ದರೋ.

ಕಛೇರಿ ಮುಗಿದ ಮೇಲೆ ಧೈರ್ಯ ಮಾಡಿ ಆಕೆಯ ಬಳಿ ಹೋದೆ. ತಮ್ಮ ಜರ್ಮನ್‌ನಲ್ಲಿ ಪರಿಚಯ ಮಾಡಿಸಿದ. ಎರಡನೇ ಸೊನಾಟಾದ ಶ್ರುತಿ ನಮ್ಮ ದಿನನಿತ್ಯದ ಶ್ರುತಿ ಎಂದಾಗ ಆಕೆಯ ಕಣ್ಣು ಅರಳಿತು. ನಾವು ನೆಲದ ಮೇಲೆ ಕೂತು, ಪಿಟೀಲಿನ ತುದಿಯನ್ನು ಬಲಗಾಲ ಹರಡಿನ ಮೇಲೆ ಊರಿ ನುಡಿಸುತ್ತೇವೆ ಎಂದೆ. ತೋರಿಸಿ ಎಂದರು. ಆ ತಣ್ಣನೆ ಕಲ್ಲಿನ ನೆಲದ ಮೇಲೆ ಕೋಟು ಹಾಸಿ, ಚಕ್ಕಳಮಕ್ಕಳ ಕೂತೆ. ಎರಡನೇ ಸೊನಾಟಾದ ಪಿಟೀಲನ್ನು ಆಕೆ ನನ್ನ ಕೈಗಿತ್ತರು. ಅದರ ಶ್ರುತಿ ಆಗಲೇ ಬದಲಾಗಿತ್ತು. ಆಕೆಯೇ ಬಗ್ಗಿ, ಬಿರಡೆ ತಿರುಗಿಸಿ, ಸ ಪ ಸ ಪ ಕೂಡಿಸಿಕೊಟ್ಟರು. ನಾನು ಶಂಕರಾಭರಣದ ನಾಲ್ಕು ಸಂಗತಿ ನುಡಿಸಿದೆ. ಕರುಳಿನ ತಂತಿಯ ಮೇಲೆ ಬೆರಳು ಜಾರಿಸುವುದು ಸುಲಭವಲ್ಲ, ಎಣ್ಣೆ ಹಚ್ಚಿದ ಸ್ಟೀಲ್ ತಂತಿಯ ಅಭ್ಯಾಸ ನನ್ನದು. ಆದರೆ ದನಿಯಲ್ಲಿ ಒಂದು ಬೆಚ್ಚಗಿನ ಒರಟುತನವಿತ್ತು. ಅದು ನನಗೆ ಬಹಳ ಹಿಡಿಸಿತು.

ಮಾರನೇ ಬೆಳಗ್ಗೆ ಕೋಟೆಯ ಬದಿಯ ಮೆಟ್ಟಿಲು ಹತ್ತಿ ನೊನ್‌ಬರ್ಗ್ ಮಠಕ್ಕೆ ಹೋದೆವು. ಎಂಟನೇ ಶತಮಾನದಿಂದ ನಿಲ್ಲದೆ ನಡೆದುಬಂದಿರುವ ಸನ್ಯಾಸಿನಿಯರ ಮಠ. ಬೀಬರ್‌ನ ಮಗಳೊಬ್ಬಳು 1696ರಲ್ಲಿ ಇಲ್ಲಿ ಸೇರಿದಳು, ಸಂಗೀತದ ಹೊಣೆಯನ್ನೂ ಹೊತ್ತಳು. ಅವಳಿಗಾಗಿ ಅಪ್ಪ ಒಂದು ಪೂಜಾ ಸಂಗೀತವನ್ನೇ ಬರೆದುಕೊಟ್ಟ. ಒಳಗೆ ನಾಲ್ಕೈದು ಜನ ಪ್ರಾರ್ಥನೆಗೆ ಕೂತಿದ್ದರು. ಸ್ವಲ್ಪ ಹೊತ್ತು ಕೂತು, ಕೆಳಗಿಳಿದು, ಮಧ್ಯಾಹ್ನದ ರೈಲು ಹಿಡಿದೆವು.

ಮೈಸೂರಿಗೆ ಬಂದ ಮೇಲೆ ಎರಡನೇ ಸೊನಾಟಾದ ಅಲ್ಲೆಮಾಂಡ್ ಎಂಬ ನೃತ್ಯದ ಭಾಗವನ್ನು ನಮ್ಮ ಸ್ವರಲಿಪಿಯಲ್ಲಿ ಬರೆದುಕೊಂಡಿದ್ದೇನೆ. ನಮ್ಮ ಪಿಟೀಲಿಗೆ ಶ್ರುತಿ ಬದಲಿಸುವ ಕೆಲಸವೇ ಇಲ್ಲ. ಸ್ವರಗಳೂ ಹೆಚ್ಚುಕಡಿಮೆ ಶಂಕರಾಭರಣದವೇ. ದೊಡ್ಡ ಮಕ್ಕಳಿಬ್ಬರು ಈಗ ಮೊದಲ ಸಾಲುಗಳಲ್ಲಿದ್ದಾರೆ. ಬೆರಳು ಸರಿಯಾಗಿಯೇ ಬೀಳುತ್ತಿದೆ, ಗಮಕ ಬಿಟ್ಟು ಸ್ವರವನ್ನು ನೇರ ನಿಲ್ಲಿಸುವುದೇ ಅವರಿಗೆ ಕಷ್ಟ. "ಮಿಸ್, ಇಷ್ಟು ಸಪ್ಪೆಯಾಗಿ ನಿಲ್ಲಿಸಬೇಕಾ?" ಎಂದು ಕೇಳಿದಳು ಒಬ್ಬಳು. ಪಕ್ಕದ ತಂತಿ ಜೊತೆಗೆ ಮಿಡಿಯುವುದನ್ನು ಕೇಳು, ಅದು ಕೇಳಿಸುವ ತನಕ ಕಮಾನು ಬಿಡಬೇಡ ಎಂದೆ. ಈ ವಾರ ಅವಳಿಗೆ ಅದು ಕೇಳಿಸಿದೆ.